ದುರ್ಗದ ಕೋಟೆಯೇ ಪಾಠಶಾಲೆ: ಯುದ್ಧದ ಪಾಠ ಕನ್ನಡದಲ್ಲೇ ಆಗಲಿ

(ಚಿತ್ರದುರ್ಗದಲ್ಲಿ ಸೇರಿದ್ದ ಕನ್ನಡ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ನಿಮ್ಮಲ್ಲಿ ಬಹಳ ಮಂದಿ ಬೆಂಗಳೂರಿನಿಂದ ಬಂದಿದ್ದೀರಿ. ಸುಮಾರು 200 ಕಿಲೋಮೀಟರ್ ಬಸ್ಸಿನಲ್ಲಿ ಕೂತು ಬಂದಿದ್ದೀರಿ. ದಾರಿಯಲ್ಲಿ ಏನು ನೋಡಿದಿರಿ? ಟೋಲ್ ಗೇಟು ನೋಡಿದಿರಿ, ಡಾಬಾ ನೋಡಿದಿರಿ, ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರ ನೋಡಿದಿರಿ. ಆದರೆ ನೀವು ಬಂದದ್ದು ದಂಡಿನ ದಾರಿಯಲ್ಲಿ! ದಾಬಸ್‌ಪೇಟೆಯ ಹತ್ತಿರ ನಿಜಗಲ್ಲು ದುರ್ಗ ಇದೆ. 1770ರಲ್ಲಿ ಮರಾಠರ ಪೇಶ್ವೆ ಮಾಧವರಾಯ ಅದನ್ನು ಹೈದರಾಲಿಯಿಂದ ಕಿತ್ತುಕೊಂಡಾಗ ಗೋಡೆಗೆ ಲಗ್ಗೆ ಹಾಕಿದವರು ಇದೇ ಚಿತ್ರದುರ್ಗದ ಮದಕರಿ ನಾಯಕನ ಬೇಡರ ಪಡೆಯವರು. ಮುಂದೆ ಶಿರಾ. ಮೊದಲು ಬಿಜಾಪುರದವರಿಗೆ, ಆಮೇಲೆ ಮೊಗಲರಿಗೆ ಠಾಣೆಯಾಗಿದ್ದ ಊರು, 1761ರಲ್ಲಿ ಹೈದರನ ಕೈಸೇರಿತು. ಮುಂದೆ ವೇದಾವತಿ ದಂಡೆಯ ಹಿರಿಯೂರು. ಕೊನೆಗೆ ಈ ಕಲ್ಲಿನ ಕೋಟೆ. ಒಂದೇ ಬಸ್ ಟಿಕೆಟ್ಟಿನಲ್ಲಿ ಇಷ್ಟು ಯುದ್ಧದ ಇತಿಹಾಸ ಕಿಟಕಿಯಾಚೆ ಹಾದುಹೋಯಿತು. ನಿಮಗೆ ಯಾರೂ ಹೇಳಲಿಲ್ಲ. ಯಾಕೆಂದರೆ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಶಾಲೆಯಲ್ಲಿ ಏನು ಕಲಿತಿರಿ? '1779ರಲ್ಲಿ ಚಿತ್ರದುರ್ಗವನ್ನು ಗೆದ್ದವರು ಯಾರು?' ಒಂದು ಅಂಕ. 'ಹೈದರಾಲಿ' ಎಂದು ಬರೆದಿರಿ, ಅಂಕ ಬಂತು, ಪಾಠ ಮುಗಿಯಿತು. ಆ ಮುತ್ತಿಗೆಯಲ್ಲಿ ಕೋಟೆಯೊಳಗಿನ ಜನ ಏನು ಕುಡಿದರು, ಏನು ತಿಂದರು, ಮದ್ದು ಅರೆದವರು ಯಾರು, ಸೋತ ಮೇಲೆ ಅವರ ಮಕ್ಕಳಿಗೆ ಏನಾಯಿತು? ಈ ಪ್ರಶ್ನೆಗಳಿಗೆ ಅಂಕವಿಲ್ಲ. ಅದಕ್ಕೇ ಉತ್ತರವೂ ಇಲ್ಲ.

ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಯುದ್ಧದ ಇತಿಹಾಸ ಕಲಿಸಲು ನಮ್ಮ ಕನ್ನಡ ಶಾಲೆಗೆ ಕಂಪ್ಯೂಟರ್ ಇಲ್ಲ, ಪ್ರೊಜೆಕ್ಟರ್ ಇಲ್ಲ, ಅನುದಾನವಿಲ್ಲ ಎಂದು ಅಳುತ್ತಾ ಕೂರಬೇಡಿ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಶಾಲೆಗಳಿಗೆಂದೇ ಪಾಠದ ಸಾಮಗ್ರಿ ಸಿದ್ಧಮಾಡಿ ಪುಕ್ಕಟೆ ಕೊಡುತ್ತದೆ. ನಮಗೆ ಹಾಗೆ ಕೊಡುವವರಿಲ್ಲ, ನಿಜ. ಆದರೆ ಸಾಮಗ್ರಿ ಇದೆ. ಬೆಟ್ಟದಷ್ಟು ಇದೆ. ಅದನ್ನು ಕನ್ನಡದಲ್ಲಿ ಬರೆದು ಏಳನೇ ಕ್ಲಾಸಿನ ಹುಡುಗಿಯ ಕೈಗೆ ಕೊಡುವವರು ಬೇಕು.

ಹೊಂಡದ ಲೆಕ್ಕ

ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡವಿದೆ, ಅಕ್ಕ ತಂಗಿ ಹೊಂಡವಿದೆ. ಪ್ರವಾಸ ಬಂದ ಮಕ್ಕಳು ಅಲ್ಲಿ ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ಅಲ್ಲೇ ಕೂರಿಸಿ ಒಂದು ಲೆಕ್ಕ ಕೊಡಿ. ಒಂದು ಹೊಂಡ 20 ಮೀಟರ್ ಉದ್ದ, 20 ಮೀಟರ್ ಅಗಲ, 3 ಮೀಟರ್ ಆಳ ಎಂದಿಟ್ಟುಕೊಳ್ಳಿ. ಅದರಲ್ಲಿ 12 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಕೋಟೆಯೊಳಗೆ 1,000 ಜನ, ಒಬ್ಬರಿಗೆ ದಿನಕ್ಕೆ 10 ಲೀಟರ್. ಎಷ್ಟು ದಿನ ಬಂತು? 120 ದಿನ. ಈಗ 500 ಕುದುರೆ ಸೇರಿಸಿ, ಒಂದಕ್ಕೆ ದಿನಕ್ಕೆ 30 ಲೀಟರ್. ಈಗ ಎಷ್ಟು ದಿನ? 48! ಬಿಸಿಲಿಗೆ ಆರುವ ನೀರನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ.

ಈಗ ಮಕ್ಕಳನ್ನು ಕೇಳಿ: ನೀರು ಅರ್ಧಕ್ಕೆ ಇಳಿದಾಗ ಕುದುರೆಗೆ ಕೊಡುತ್ತೀರೋ, ಕೂಸಿಗೆ ಕೊಡುತ್ತೀರೋ? ಕುದುರೆ ಸತ್ತರೆ ಪಡೆ ಇಲ್ಲ. ಕೂಸು ಸತ್ತರೆ ಕೋಟೆ ಯಾರಿಗಾಗಿ? ಇದು ಗಣಿತದ ಪಾಠವೂ ಹೌದು, ಯುದ್ಧದ ಪಾಠವೂ ಹೌದು. ಒಂದು ಪೈಸೆ ಖರ್ಚಿಲ್ಲ.

ಕೋಟೆಯ ಬುಡದಲ್ಲೇ ಚಂದ್ರವಳ್ಳಿ ಇದೆ. ಅಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ. ಪಲ್ಲವರ ಮೇಲೆ ಕತ್ತಿ ಎತ್ತಿದ ವೀರ ಎಂದು ನಾವು ಮೆರೆಸುವ ಮಯೂರ ಆ ಬಂಡೆಯ ಮೇಲೆ ಮೊದಲು ಹೇಳಿಕೊಳ್ಳುವುದು ಏನನ್ನು ಗೊತ್ತೇ? ತಾನು ಕೆರೆ ಕಟ್ಟಿಸಿದ್ದನ್ನು. ಈ ಒಣ ಸೀಮೆಯಲ್ಲಿ ನೀರು ಹಿಡಿದವನೇ ನೆಲ ಹಿಡಿದ ಎಂಬುದು ಸುಮಾರು 1,600 ವರ್ಷಗಳ ಹಿಂದಿನ ಆ ದೊರೆಗೆ ಗೊತ್ತಿತ್ತು.

ಬಾಗಿಲು ಯಾಕೆ ತಿರುಗುತ್ತದೆ?

ಕೋಟೆಯ ದಾರಿ ನೇರ ಹೋಗುವುದಿಲ್ಲ. ಒಂದು ಬಾಗಿಲು ದಾಟಿದರೆ ಗೋಡೆ ಎದುರಾಗುತ್ತದೆ, ತಿರುಗಬೇಕು, ಮತ್ತೆ ಬಾಗಿಲು. ಮಕ್ಕಳಿಗೆ ಕಾರಣ ಹೇಳಬೇಡಿ. ಒಬ್ಬ ಹುಡುಗನನ್ನು ಆನೆ ಮಾಡಿ, ಓಡಿಬಂದು ಬಾಗಿಲಿಗೆ ಗುದ್ದು ಎನ್ನಿ. ಓಡಲು ಜಾಗವೇ ಇಲ್ಲ ಎಂದು ಅವನೇ ಹೇಳುತ್ತಾನೆ. ತಿರುವಿನಲ್ಲಿ ನಿಂತಾಗ ಮೇಲೆ ನೋಡು ಎನ್ನಿ. ಮೇಲಿನ ಗೋಡೆಯಿಂದ ಅವನ ತಲೆ ಮೇಲೆ ಕಲ್ಲು ಹಾಕಬಹುದು ಎಂದು ಹುಡುಗಿಯರು ಕೂಗುತ್ತಾರೆ. ಪಾಠ ಆಯಿತು!

ಇನ್ನೂ ಮೇಲೆ ಹೋದರೆ ಮದ್ದು ಬೀಸುವ ಕಲ್ಲುಗಳಿವೆ. ಗುಂಡಿಯಲ್ಲಿ ನಾಲ್ಕು ದೊಡ್ಡ ಬೀಸುಗಲ್ಲುಗಳು. ಅಲ್ಲಿ ಒಂದೇ ಪ್ರಶ್ನೆ ಕೇಳಿ: ಇವನ್ನು ತಿರುಗಿಸಿದವರ ಹೆಸರೇನು? ಯಾರ ಹೆಸರೂ ಉಳಿದಿಲ್ಲ. ನಾಯಕರ ಹೆಸರು ಉಳಿಯಿತು, ಕಲ್ಲು ತಿರುಗಿಸಿದ ಕೈಗಳ ಹೆಸರು ಉಳಿಯಲಿಲ್ಲ. ಅದು ಗೊತ್ತಾದ ಮಗು ಮುಂದೆ ಯಾವ ಯುದ್ಧದ ಸುದ್ದಿ ಕೇಳಿದರೂ ಮೊದಲು ಆ ಕೈಗಳನ್ನು ನೆನೆಯುತ್ತದೆ.

ನಾಲ್ಕು ಊರು, ಒಂದು ನಕ್ಷೆ

ಗೋಡೆಗೆ ಒಂದು ನಕ್ಷೆ ಅಂಟಿಸಿ. ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗ, ಹೊಸದುರ್ಗ ಗುರುತು ಮಾಡಿ. ದುರ್ಗದ ಪಾಳೆಯಗಾರರ ಮೂಲಪುರುಷ ಮತ್ತಿಯ ತಿಮ್ಮಣ್ಣ ನಾಯಕನಿಗೆ ವಿಜಯನಗರದ ಅರಸರು ಮೊದಲು ಕೊಟ್ಟದ್ದು ಹೊಳಲ್ಕೆರೆ. ಆಮೇಲೆ ಹಿರಿಯೂರು. ಆಮೇಲೆ ಚಿತ್ರದುರ್ಗ. ಹೊಸದುರ್ಗದ ಕಥೆ ಅದರ ಹೆಸರಿನಲ್ಲೇ ಇದೆ: ಹೊಸ ದುರ್ಗ. ಶಿರಾಕ್ಕೆ ಸೇರಿದ್ದ ಬಾಗೂರು ಸೀಮೆಯ ಮೇಲೆ ಕಣ್ಣಿಟ್ಟು, 17ನೇ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕಣ್ಣ ನಾಯಕ ಕಟ್ಟಿಸಿದ ಕೋಟೆ ಅದೆಂದು ಮೈಸೂರು ಗೆಜೆಟಿಯರ್‌ನಲ್ಲಿ ಬಿ.ಎಲ್. ರೈಸ್ ಬರೆದಿದ್ದಾರೆ. ಹೊಸದುರ್ಗದ ಹುಡುಗ ದಿನಾ ಬಾಯಲ್ಲಿ ಹೇಳುವ ಊರ ಹೆಸರಿನೊಳಗೆ ಒಂದು ಸೈನ್ಯದ ಉಪಾಯ ಅಡಗಿದೆ. ಅವನಿಗೆ ಅದನ್ನು ಯಾರು ಹೇಳಬೇಕು?

ಅದೇ ನಕ್ಷೆಯ ಮೇಲೆ ದಾರ ಕಟ್ಟಿಸಿ. 1748, ಮಾಯಕೊಂಡ: ಒಂದು ಕಡೆ ಚಿತ್ರದುರ್ಗ, ಜೊತೆಗೆ ಚಂದಾ ಸಾಹೇಬ. ಎದುರಿಗೆ ಬಿದನೂರು, ಹರಪನಹಳ್ಳಿ, ರಾಯದುರ್ಗ. ಹಿರಿಯ ಮದಕರಿ ನಾಯಕ ಅಲ್ಲಿ ಬಿದ್ದ. 1763, ಬಿದನೂರು: ಹೈದರಾಲಿಯ ದಂಡಿನ ಜೊತೆಗೆ ಚಿತ್ರದುರ್ಗ. 1770, ನಿಜಗಲ್ಲು: ಮರಾಠರ ಜೊತೆಗೆ ಚಿತ್ರದುರ್ಗ, ಹೈದರನ ಎದುರು. 1779: ಹೈದರನೇ ಬಾಗಿಲಿಗೆ ಬಂದ, ಕೋಟೆ ಬಿತ್ತು.

ಈ ದಾರಗಳನ್ನು ನೋಡಿದ ಮಗುವಿಗೆ ಒಂದು ಸತ್ಯ ಹೊಳೆಯುತ್ತದೆ. ಇದು ಒಂದು ಧರ್ಮದವರು ಇನ್ನೊಂದು ಧರ್ಮದವರ ಮೇಲೆ ಮಾಡಿದ ಯುದ್ಧವಾಗಿರಲಿಲ್ಲ. ಕಪ್ಪ, ಸೀಮೆ, ಕಂದಾಯ, ಹಳೆಯ ದ್ವೇಷ, ಇವುಗಳ ಯುದ್ಧ. ಗೆಳೆಯರೇ, ಕಹಿಯಾದರೂ ಇನ್ನೊಂದನ್ನು ನುಂಗಬೇಕು: ಮಾಯಕೊಂಡದಲ್ಲಿ ಎರಡೂ ಕಡೆ ಸತ್ತವರಲ್ಲಿ ಹೆಚ್ಚಿನವರು ನಮ್ಮದೇ ಮಾತಾಡುವವರು. ಕನ್ನಡಿಗನ ಈಟಿ ಕನ್ನಡಿಗನಿಗೇ ನಾಟಿತು. ಕನ್ನಡಾಭಿಮಾನಿಗಳಾದ ನಾವು ಇದನ್ನು ಮುಚ್ಚಿಟ್ಟು ಪಾಠ ಮಾಡಿದರೆ, ಸುಳ್ಳು ಹೇಳಿಕೊಡುವ ಬೇರೆಯವರಿಗೂ ನಮಗೂ ವ್ಯತ್ಯಾಸವೇನು? 2022ರಲ್ಲಿ ಪಠ್ಯಪುಸ್ತಕದ ಜಗಳ ಬೀದಿಗೆ ಬಂದದ್ದನ್ನು ಎಲ್ಲರೂ ಕಂಡೆವು. ಆ ಪಕ್ಷ ಈ ಪಕ್ಷ ಎಂದು ಎಳೆದಾಡಿದರು. ದಾರ ಕಟ್ಟಿ ನೋಡಿದ ಮಗುವನ್ನು ಯಾವ ಪಕ್ಷವೂ ಸುಲಭಕ್ಕೆ ಮೋಸ ಮಾಡಲಾಗದು.

ಓಬವ್ವನನ್ನು ಹೇಗೆ ಪಾಠ ಮಾಡಬೇಕು?

ಈಗ ಓಬವ್ವ. ನಿಮ್ಮಲ್ಲಿ ಬಹಳ ಮಂದಿಗೆ ಓಬವ್ವ ಎಂದರೆ ಕಣ್ಣ ಮುಂದೆ ಬರುವುದು 1972ರ 'ನಾಗರಹಾವು' ಚಿತ್ರದ ಜಯಂತಿ. ತಪ್ಪೇನಿಲ್ಲ. ಪುಟ್ಟಣ್ಣ ಕಣಗಾಲರು ಆಕೆಯನ್ನು ಮನೆಮನೆಗೆ ತಂದರು. ತ.ರಾ.ಸು. ಅವರು ದುರ್ಗದ ಕಥೆಯನ್ನು ಕಾದಂಬರಿಗಳಲ್ಲಿ ನಾಡಿಗೆಲ್ಲ ಮುಟ್ಟಿಸಿದರು. ಅವರ 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ತರಗತಿಯಲ್ಲಿ ಕಪ್ಪುಹಲಗೆಯನ್ನು ನಾಲ್ಕು ಭಾಗ ಮಾಡಿ: ಕಲ್ಲು ಹೇಳುವುದು, ಜನ ಹೇಳುವುದು, ಕಾದಂಬರಿ ಹೇಳುವುದು, ಸಿನಿಮಾ ಹೇಳುವುದು. ಕಿಂಡಿ ಇದೆ, ಕಣ್ಣಾರೆ ನೋಡಬಹುದು. ಒಬ್ಬರು ತೂರಿ ಬರುವಷ್ಟೇ ಜಾಗ. ಅದು ಕಲ್ಲಿನ ಸಾಕ್ಷಿ. ಕಹಳೆಯವನ ಹೆಂಡತಿ, ಊಟಕ್ಕೆ ಕೂತ ಗಂಡ, ನೀರಿಗೆ ಬಂದ ಓಬವ್ವ, ಕೈಗೆ ಸಿಕ್ಕ ಒನಕೆ, ಇದು ತಲೆಮಾರಿನಿಂದ ತಲೆಮಾರಿಗೆ ಜನರ ಬಾಯಲ್ಲಿ ಉಳಿದು ಬಂದದ್ದು. ಮಾತು, ಹಾಡು, ಉಡುಗೆ ಸಿನಿಮಾದವರು ಸೇರಿಸಿದ್ದು.

ಹೀಗೆ ಬೇರೆ ಮಾಡಿದರೆ ಓಬವ್ವ ಸಣ್ಣವಳಾಗುತ್ತಾಳೆಯೇ? ಖಂಡಿತ ಇಲ್ಲ. ಅರಸರು ತಮ್ಮ ಹೆಸರನ್ನು ತಾವೇ ಶಾಸನ ಮಾಡಿಸಿಕೊಂಡರು. ಓಬವ್ವನ ಹೆಸರನ್ನು ಕಿಂಡಿಗೆ ಇಟ್ಟವರು ಜನ. ಕಾಗದವಿಲ್ಲದವರು ನೆನಪನ್ನು ಹೇಗೆ ಕಾಪಾಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ?

ಇಂಥದ್ದೇ ಇನ್ನೊಂದು ಸಾಮಗ್ರಿ ವೀರಗಲ್ಲು. ಸಾಮಾನ್ಯವಾಗಿ ಮೂರು ಅಂಕಣ, ಕೆಳಗಿನಿಂದ ಮೇಲಕ್ಕೆ ಓದಬೇಕು: ಕಾದಾಟ, ಅಪ್ಸರೆಯರು ಎತ್ತಿಕೊಂಡು ಹೋಗುವುದು, ದೇವರ ಸನ್ನಿಧಿ. ಊರ ದನ ಬಿಡಿಸಲು ಹೋಗಿ ಸತ್ತ ಬಡವನಿಗೂ ನಮ್ಮ ನಾಡಿನಲ್ಲಿ ಕಲ್ಲು ನಿಂತಿದೆ. ನಿಮ್ಮ ಬೆಂಗಳೂರಿನ ಹೆಸರು ಮೊದಲು ಕಾಣುವುದೂ ಸುಮಾರು 890ರ ಬೇಗೂರಿನ ಶಾಸನದಲ್ಲಿ, 'ಬೆಂಗಳೂರು ಕಾಳಗ'ದ ಮಾತಿನಲ್ಲಿ! ಇಂಥ ಕಲ್ಲುಗಳು ಎಷ್ಟೋ ಊರುಗಳಲ್ಲಿ ಬಟ್ಟೆ ಒಗೆಯುವ ಕಲ್ಲಾಗಿವೆ, ರಸ್ತೆ ಅಗಲ ಮಾಡುವಾಗ ಮಣ್ಣಾಗಿವೆ. ಮಕ್ಕಳಿಂದ ಚಿತ್ರ ಬರೆಸಿ. ಫೋಟೋ ತೆಗೆಯುವುದಾದರೆ ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆಯಿರಿ, ಕೆತ್ತನೆ ಎದ್ದು ಕಾಣುತ್ತದೆ. ಎಣ್ಣೆ ಹಚ್ಚಬೇಡಿ, ಸೀಮೆಸುಣ್ಣ ಬಳಿಯಬೇಡಿ. ಇನ್ನು ಕೋಟೆ ಗೋಡೆಯ ಮೇಲೆ ಪ್ರೇಯಸಿಯ ಹೆಸರು ಕೆತ್ತುವ ವೀರರಿಗೆ ಒಂದು ಮಾತು: 1958ರ ಕಾಯ್ದೆಯ ಪ್ರಕಾರ ಅದು ಅಪರಾಧ. ನನ್ನ ಪ್ರಕಾರ ಅದು ನಾಡದ್ರೋಹ.

ಮಾತು ಸತ್ತರೆ ಕೋಟೆಯೂ ಮೂಕ

ಕೊತ್ತಲ, ಬತೇರಿ, ಕಂದಕ, ದಿಡ್ಡಿ, ಉಕ್ಕಡ, ತೆನೆ, ಪಹರೆ, ಲಗ್ಗೆ, ಮುತ್ತಿಗೆ, ದಳವಾಯಿ, ತುಕಡಿ. ಇವುಗಳಲ್ಲಿ ಎಷ್ಟು ನಿಮಗೆ ಗೊತ್ತು? ಬೆಂಗಳೂರಿನ ಕಂಟೋನ್ಮೆಂಟನ್ನು ನಮ್ಮ ಹಿರಿಯರು ದಂಡು ಎಂದರು. ದುರ್ಗದ ಹತ್ತಿರ ದಂಡಿನ ಕುರುಬರಹಟ್ಟಿ ಎಂಬ ಊರಿದೆ. ಊರಿನ ಹೆಸರಿಗೆ 'ದಂಡಿನ' ಎಂದು ಯಾಕೆ ಬಂತು ಎಂದು ಅಲ್ಲಿನ ಮಕ್ಕಳು ಅಜ್ಜಿಯನ್ನು ಕೇಳಲಿ. ನಿಮ್ಮ ಬಡಾವಣೆಯ ಪಾಳ್ಯ ಯಾರ ಪಾಳೆಯ ಎಂದು ನೀವು ಕೇಳಿ. 'ಫೋರ್ಟ್', 'ಬ್ಯಾಸ್ಟಿಯನ್' ಎಂದು ಬಾಯಿಪಾಠ ಮಾಡಿದ ಮಗುವಿಗೆ ಕೋಟೆ ಕಾಣುತ್ತದೆ, ಮಾತಾಡುವುದಿಲ್ಲ.

ದಾಖಲೆಯ ಕಥೆಯೂ ಅದೇ. ರೈಸ್ ಇಂಗ್ಲಿಷಿನಲ್ಲಿ, ಮಾರ್ಕ್ ವಿಲ್ಕ್ಸ್ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಎಂ.ಎಸ್. ಪುಟ್ಟಣ್ಣ, ಹುಲ್ಲೂರು ಶ್ರೀನಿವಾಸ ಜೋಯಿಸರು, ಬಿ. ರಾಜಶೇಖರಪ್ಪ, ಲಕ್ಷ್ಮಣ್ ತೆಲಗಾವಿ ಅವರಂಥವರು ಬೆವರು ಸುರಿಸಿದ್ದಾರೆ. ಆದರೆ ಆ ವಿದ್ವತ್ತಿನಿಂದ ತರಗತಿಗೆ ಇಳಿಯುವ ಮೆಟ್ಟಿಲು ಕಟ್ಟುವವರು ನಾವು ಆಗಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಕೋಟೆ ಬಿದ್ದ ಮೇಲೆ ಹೈದರಾಲಿ ಸುಮಾರು 20,000 ಜನರನ್ನು ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಎಂದು ವಿಲ್ಕ್ಸ್ ಬರೆದಿದ್ದಾನೆ. ಅವರಲ್ಲಿದ್ದ ಹುಡುಗರನ್ನು ಆರಿಸಿ, ಧರ್ಮ ಬದಲಿಸಿ, ಕವಾಯತು ಕಲಿಸಿ 'ಚೇಲಾ' ಪಡೆ ಕಟ್ಟಿದ ಎಂದೂ ಬರೆದಿದ್ದಾನೆ. ವಿಲ್ಕ್ಸ್ ಇಂಗ್ಲಿಷರ ಅಧಿಕಾರಿ, ಹೈದರನ ಶತ್ರುಪಕ್ಷದವನು, ಅದನ್ನೂ ಮಕ್ಕಳಿಗೆ ಹೇಳಿ. ಆದರೆ ಆ ಹುಡುಗರ ವಯಸ್ಸನ್ನು ಯೋಚಿಸಿ. ಇವತ್ತು ನಮ್ಮ ಶಾಲೆಯ ಬೆಂಚಿನ ಮೇಲೆ ಕೂತ ಮಕ್ಕಳ ವಯಸ್ಸು. ಕೋಟೆ ಯಾರು ಗೆದ್ದರು ಎಂಬ ಒಂದು ಅಂಕದ ಉತ್ತರದ ಕೆಳಗೆ ಈ ಮಕ್ಕಳು ಹೂತುಹೋಗಿದ್ದಾರೆ. ಅವರನ್ನು ದ್ವೇಷಕ್ಕೆ ಬಳಸಬಾರದು. ಮರೆಯಲೂ ಬಾರದು. ಯುದ್ಧ ಎಂದರೆ ಕೊನೆಗೆ ಮಕ್ಕಳಿಗೆ ಏನು ಮಾಡುತ್ತದೆ ಎಂದು ಮಕ್ಕಳಿಗೆ ಹೇಳಲು ಅವರೇ ಸಾಕ್ಷಿ.

ನೀವು ಮಾಡಬೇಕಾದ್ದು

ಘೋಷಣೆ ಕೂಗಿದ್ದು ಸಾಕು ಎಂದು ನಾನು ಹೇಳುವುದಿಲ್ಲ, ಕೂಗಿ. ಫಲಕಕ್ಕೆ ಕನ್ನಡ ಬೇಕು, ಹೋರಾಡಿ. ಆದರೆ ಫಲಕದ ಕೆಳಗೆ ಓದುವ ಮಗುವೂ ಬೇಕಲ್ಲ?

ಊರಿಗೆ ಹೋದ ಮೇಲೆ ಹತ್ತು ಜನ ಸೇರಿ ಒಂದು ಕನ್ನಡ ಶಾಲೆ ಆರಿಸಿಕೊಳ್ಳಿ. ಮೇಷ್ಟ್ರ ಒಪ್ಪಿಗೆ ಪಡೆದು ಒಂದು ಶನಿವಾರ ಕೇಳಿ. ನಾಲ್ಕು ಹಾಳೆ ಸಾಕು: ಹೊಂಡದ ಲೆಕ್ಕ ಒಂದು, ದಾರದ ನಕ್ಷೆ ಒಂದು, ಓಬವ್ವನ ನಾಲ್ಕು ಸಾಕ್ಷಿ ಒಂದು, ಕೋಟೆಯ ಮಾತುಗಳ ಪಟ್ಟಿ ಒಂದು. ಅಚ್ಚಗನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಜೆರಾಕ್ಸ್ ಮಾಡಿಸಿ ಹಂಚಿ. ನಿಮ್ಮ ಊರ ಸುತ್ತ ಕೋಟೆ ಇಲ್ಲದಿದ್ದರೆ ವೀರಗಲ್ಲು ಇರುತ್ತದೆ. ವೀರಗಲ್ಲೂ ಇಲ್ಲದಿದ್ದರೆ ಒಂದು ಪಾಳ್ಯ ಇದ್ದೇ ಇರುತ್ತದೆ. ಅಲ್ಲಿಂದ ಶುರುಮಾಡಿ.

ಏಳು ಸುತ್ತಿನ ಕೋಟೆ ಕಟ್ಟಿದವರು ಕನ್ನಡದ ಕೂಲಿಗಳು. ಅದನ್ನು ಕನ್ನಡದ ಮಕ್ಕಳಿಗೆ ಓದಿಸಲು ಹತ್ತು ಜನ ಕನ್ನಡದ ಯುವಕರು ಸಿಗುವುದಿಲ್ಲವೇ? ಸಿಗುತ್ತಾರೆ. ಇಲ್ಲೇ ಕೂತಿದ್ದಾರೆ. ಏಳಿ!