ಸುಳ್ಳು ನುಡಿದ ಬಾಗಿಲು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂಥ ಮಂಗಳ ಸಂದರ್ಭದಲ್ಲಿ ಶೋಕದ ಮಾತು ಉಚಿತವೇ ಎಂದು ತಾವು ಕೇಳಬಹುದು. ಆದರೆ ನುಡಿಯ ಸೇವೆಗೆಂದೇ ಹುಟ್ಟಿದ ಸಂಘದಲ್ಲಿ, ನುಡಿ ಕೆಟ್ಟರೆ ಮನುಷ್ಯನಿಗೆ ಎಂಥ ಗತಿ ಒದಗುವುದೆಂಬುದನ್ನು ಹೇಳುವುದು ಅನುಚಿತವಾಗದೆಂದು ನಂಬಿದ್ದೇವೆ. ಬಂಧುಗಳ ಆಹ್ವಾನದ ಮೇರೆಗೆ ಜರ್ಮನಿಗೆ ಹೋಗಿದ್ದಾಗ ನಾವು ಕಂಡ ದಾಖಾವ್ ಶಿಬಿರದ ಸಂಗತಿಯನ್ನು ತಮ್ಮ ಮುಂದಿಡುತ್ತೇವೆ.

ದಾಖಾವ್, ಮ್ಯೂನಿಕ್ ನಗರದ ಸಮೀಪದಲ್ಲಿರುವ ಹಳೆಯ ಊರು. ಹಿಟ್ಲರನು ಅಧಿಕಾರಕ್ಕೆ ಬಂದು ಎರಡು ತಿಂಗಳೂ ತುಂಬುವ ಮೊದಲೇ, 1933ರ ಮಾರ್ಚ್ 22ರಂದು, ಪಾಳುಬಿದ್ದ ಮದ್ದುಗುಂಡಿನ ಕಾರ್ಖಾನೆಯೊಂದರಲ್ಲಿ ಇಲ್ಲಿಯ ಬಂಧನಶಿಬಿರ ಆರಂಭವಾಯಿತು. ಇದು ಗುಟ್ಟಾಗಿ ನಡೆದುದಲ್ಲ. ಐದು ಸಾವಿರ ಜನರನ್ನು ಕೂಡಿಹಾಕುವ ಶಿಬಿರ ತೆರೆಯುವುದೆಂದು ಹಿಂದಿನ ದಿನವೇ ಮ್ಯೂನಿಕ್ಕಿನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಜನರು ಓದಿದರು, ಓದಿ ಪತ್ರಿಕೆಯನ್ನು ಮಡಿಸಿಟ್ಟರು.

ಈಗ ಅದು ಸ್ಮಾರಕಭೂಮಿ. ಮಾರ್ಗದರ್ಶಕಿಯಾದ ಜರ್ಮನ್ ಮಹಿಳೆಯೊಬ್ಬರ ಹಿಂದೆ ನಾವು ನಡೆದೆವು. ಮೊದಲು ಎದುರಾದುದು ಕಬ್ಬಿಣದ ಬಾಗಿಲು. ದುಡಿಮೆಯು ಬಿಡುಗಡೆ ನೀಡುತ್ತದೆ ಎಂಬರ್ಥದ ಮೂರು ಜರ್ಮನ್ ಶಬ್ದಗಳು ಅದರಲ್ಲಿವೆ. ಮೂಲ ಬಾಗಿಲನ್ನು 2014ರಲ್ಲಿ ಯಾರೋ ಕದ್ದೊಯ್ದಿದ್ದರು. 2016ರಲ್ಲಿ ಅದು ನಾರ್ವೆ ದೇಶದಲ್ಲಿ ಸಿಕ್ಕಿ, ಈಗ ವಸ್ತುಸಂಗ್ರಹಾಲಯದೊಳಗಿದೆ. ನಾವು ದಾಟಿದುದು ಅದರ ಪ್ರತಿಕೃತಿಯನ್ನು. ದುಡಿಮೆಯನ್ನು ಪೂಜೆಗೆ ಸಮವೆಂದು ಬಗೆದ ನಾಡಿನವರು ನಾವು. ಅಂಥ ಶಬ್ದವನ್ನು ಸೆರೆಮನೆಯ ಬಾಗಿಲಿಗೆ ಬೆಸೆದುದನ್ನು ಕಂಡು, ದೇವರ ಮೂರ್ತಿಯನ್ನು ಕಟುಕನ ಅಂಗಡಿಯ ಹೊಸ್ತಿಲಿಗೆ ಹಾಸಿದಂತೆ ನಮಗೆ ತೋರಿತು.

ಒಳಗೆ ಹೋದಂತೆಲ್ಲ ಅಂಥವೇ ಶಬ್ದಗಳ ಕಥೆ. ವಿಚಾರಣೆಯಿಲ್ಲದೆ, ನ್ಯಾಯಾಲಯದ ತೀರ್ಪಿಲ್ಲದೆ ಹಿಡಿದು ತರುವುದಕ್ಕೆ ಅವರಿಟ್ಟ ಹೆಸರು ‘ರಕ್ಷಣಾಬಂಧನ’. 1942ರಿಂದ, ದುಡಿಯಲಾರದ 2,500ಕ್ಕೂ ಹೆಚ್ಚು ಮಂದಿಯನ್ನು ಆಸ್ಟ್ರಿಯದ ಹಾರ್ಟ್‌ಹೈಮ್ ಕೋಟೆಗೆ ಒಯ್ದು ವಿಷವಾಯುವಿನಿಂದ ಕೊಂದರು. ಕಡತದಲ್ಲಿ ಅದು ‘ಅಶಕ್ತರ ಸಾಗಣೆ’. ದಹನಗೃಹದ ವಿಷವಾಯು ಕೋಣೆಯ ಬಾಗಿಲ ಮೇಲೆ ‘ಸ್ನಾನಗೃಹ’ ಎಂದು ಬರೆದಿದೆ. ಆದರೆ ದಾಖಾವಿನ ಆ ಕೋಣೆಯಲ್ಲಿ ಸಾಮೂಹಿಕ ಹತ್ಯೆ ನಡೆಯಲಿಲ್ಲವೆಂಬುದನ್ನೂ ಮಾರ್ಗದರ್ಶಕಿ ಸ್ಪಷ್ಟವಾಗಿ ತಿಳಿಸಿದರು. ನಡೆದುದನ್ನು ಕುಂದಿಸದೆ, ನಡೆಯದುದನ್ನು ಸೇರಿಸದೆ ಆಡಿದ ಆ ಮಾತಿನಲ್ಲಿ, ಕೆಟ್ಟ ನುಡಿ ಮತ್ತೆ ಶುದ್ಧವಾಗುತ್ತಿರುವುದನ್ನು ಕಂಡೆವು.

ಹಾಜರಿ ಕರೆಯುತ್ತಿದ್ದ ವಿಶಾಲ ಬಯಲಿನಲ್ಲಿ ಬಂದಿಗಳನ್ನು ಬೆಳಗು ಬೈಗು ನಿಲ್ಲಿಸಿ ಎಣಿಸುತ್ತಿದ್ದರು. ಹೆಸರು ಹೋಗಿ ಸಂಖ್ಯೆ ಬಂದಿತ್ತು. ಎದೆಯ ಮೇಲೆ ಬಣ್ಣದ ತ್ರಿಕೋನ. ಮೊದಲು ರಾಜಕೀಯ ವಿರೋಧಿಗಳು, ಬಳಿಕ ಯೆಹೂದ್ಯರು, ರೋಮಾ ಜನರು, ಪಾದ್ರಿಗಳು, ಹತ್ತಾರು ದೇಶಗಳ ಸೆರೆಯಾಳುಗಳು. ಆರು ಸಾವಿರ ಜನರಿಗೆಂದು ಕಟ್ಟಿದ ಮರದ ಮನೆಗಳಲ್ಲಿ ಕೊನೆಗೆ ಮೂವತ್ತು ಸಾವಿರಕ್ಕೂ ಮಿಕ್ಕವರಿದ್ದರು. 1945ರ ಏಪ್ರಿಲ್ 29ರಂದು ಅಮೆರಿಕದ ಸೈನ್ಯ ಬಂದು ಬಿಡಿಸುವವರೆಗೆ, ದಾಖಾವ್ ಮತ್ತು ಅದರ ಉಪಶಿಬಿರಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸೆರೆಯಲ್ಲಿದ್ದು, ಸುಮಾರು 41,500 ಮಂದಿ ಮಡಿದರು. ಈಗ ಎರಡು ಮನೆಗಳನ್ನು ಮಾತ್ರ ಹೊಸದಾಗಿ ಕಟ್ಟಿ ನಿಲ್ಲಿಸಿದ್ದಾರೆ. ಉಳಿದವುಗಳ ಅಡಿಪಾಯದ ಗುರುತುಗಳು ಸಾಲಾಗಿ ಮಲಗಿವೆ.

ದಹನಗೃಹದಲ್ಲಿ ನಾಲ್ವರು ಮಹಿಳೆಯರ ನೆನಪಿನ ಫಲಕವಿದೆ. ಅವರಲ್ಲೊಬ್ಬಳು ನೂರ್ ಇನಾಯತ್ ಖಾನ್, ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ವಂಶದವಳು. ತಂದೆ ಬಡೋದೆಯ ಸಂಗೀತಗಾರ, ಸೂಫಿ ಸಂತ ಇನಾಯತ್ ಖಾನ್. ಬುದ್ಧನ ಜಾತಕ ಕಥೆಗಳನ್ನು ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದು 1939ರಲ್ಲಿ ಪ್ರಕಟಿಸಿದ ಈ ಮೃದು ಹೃದಯದ ಹೆಣ್ಣುಮಗಳು, 1943ರಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಬ್ರಿಟಿಷರ ಗುಪ್ತ ನಿಸ್ತಂತು ನಿರ್ವಾಹಕಿಯಾಗಿ ಹೋದಳು. ಸೆರೆಸಿಕ್ಕಿ, ತಿಂಗಳುಗಟ್ಟಲೆ ಸಂಕೋಲೆಯಲ್ಲಿದ್ದರೂ ವಿಚಾರಣೆಗೆ ಬಾಗಲಿಲ್ಲ. 1944ರ ಸೆಪ್ಟೆಂಬರ್ 13ರಂದು ಆ ನಾಲ್ವರನ್ನೂ ಇಲ್ಲಿ ಗುಂಡಿಕ್ಕಿ ಕೊಂದರು. ಆಕೆಗೆ ಆಗ ಮೂವತ್ತು ವರುಷ. 1949ರಲ್ಲಿ ಬ್ರಿಟನ್ ಆಕೆಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕವನ್ನಿತ್ತಿತು. ಸುಳ್ಳು ಶಬ್ದಗಳೇ ಆಳಿದ ಆ ನೆಲದಲ್ಲಿ ಆಕೆಯ ಮೌನವೇ ಸತ್ಯವಾಗಿತ್ತು.

ಮಹನೀಯರೇ, ಜರ್ಮನ್ ನುಡಿಯು ಗಯಟೆ, ಶಿಲ್ಲರರ ನುಡಿ. ವೇದಗಳನ್ನೂ ಕನ್ನಡ ನಿಘಂಟನ್ನೂ ಆದರದಿಂದ ಶೋಧಿಸಿದ ಮ್ಯಾಕ್ಸ್ ಮುಲ್ಲರ್, ಕಿಟೆಲ್ಲರ ತಾಯಿನುಡಿ. ಅಂಥ ನುಡಿಯೇ ಕೊಲೆಗಾರರ ಬಾಯಲ್ಲಿ ಕೊಲೆಯ ಮುಸುಕಾಯಿತೆಂದರೆ, ಯಾವ ನುಡಿಯೂ ತನ್ನ ಹಿರಿಮೆಯೊಂದರಿಂದಲೇ ಸುರಕ್ಷಿತವಲ್ಲ, ನಮ್ಮದೂ ಅಲ್ಲ. ಕಾಯುವವರು ಆಡುವವರೇ.

ಗಡಿಯ ಜನರಾದ ನಾವು ಎರಡು ನುಡಿಗಳ ನಡುವೆ ಬಾಳುವವರು. ನಮ್ಮ ಮಕ್ಕಳು ಕನ್ನಡವನ್ನು ಪ್ರಾಣಕ್ಕಿಂತ ಮಿಗಿಲಾಗಿ ಪ್ರೀತಿಸಲಿ. ಆದರೆ ಆ ಪ್ರೀತಿಯೊಳಗೆ ನೆರೆಯವನನ್ನು ಹೀಯಾಳಿಸುವ ಒಂದು ಅಡ್ಡಹೆಸರೂ ನುಸುಳದಿರಲಿ. ಮನುಷ್ಯರ ಹೆಸರು ಕಿತ್ತು ಬೇರೆ ಗುರುತು ಅಂಟಿಸುವವನು ಎದುರಾದರೆ, ಮನೆಯ ಜಗುಲಿಯಲ್ಲಾಗಲಿ, ಸಂತೆಯಲ್ಲಾಗಲಿ, ಆಗಲೇ ಅಲ್ಲಿಯೇ ತಡೆದು ಮಾತನಾಡುವ ಧೈರ್ಯ ಅವರಿಗೆ ಬರಲಿ. ಪತ್ರಿಕೆಯನ್ನು ಮಡಿಸಿಟ್ಟ ಮೇಲೆ ಕಾಲ ಮೀರಿರುತ್ತದೆ.