ಮೈಗೆ ಹಚ್ಚುವ ಮದ್ದು

ಚರ್ಮದ ಕಾಯಿಲೆ ಕಣ್ಣಿಗೆ ಕಾಣತಕ್ಕದ್ದು, ಕೈಗೆ ಸಿಕ್ಕತಕ್ಕದ್ದು. ಆದುದರಿಂದಲೇ ಅದರ ಮದ್ದನ್ನು ನಾವೇ ಗೊತ್ತುಮಾಡಿಕೊಳ್ಳಬಹುದೆಂಬ ಧೈರ್ಯ ನಮಗೆ ಬೇಗ ಬರುತ್ತದೆ. ಹೊಟ್ಟೆನೋವಿಗೆ ವೈದ್ಯರ ಬಳಿಗೆ ಹೋಗುವ ನಾವು ತುರಿಕೆಗೆ ಮಾತ್ರ ಔಷಧದಂಗಡಿಯವರನ್ನು ಕೇಳಿ ತೃಪ್ತರಾಗುತ್ತೇವೆ. ಈ ಧೈರ್ಯದ ಫಲವೇನೆಂಬುದನ್ನು ಹುಳುಕಡ್ಡಿಯ ನಿದರ್ಶನದಿಂದ ವಿಚಾರಮಾಡೋಣ.

ಹೆಸರಿನಲ್ಲಿ ಹುಳುವಿದ್ದರೂ ಈ ವ್ಯಾಧಿಗೆ ಕಾರಣ ಹುಳುವಲ್ಲ. ಬೂಷ್ಟಿನ ಜಾತಿಗೆ ಸೇರಿದ ಒಂದು ಶಿಲೀಂಧ್ರ. ಚರ್ಮದ ಹೊರಪದರದಲ್ಲಿರುವ ಕೆರಾಟಿನ್ ಎಂಬ ವಸ್ತುವೇ ಅದರ ಆಹಾರ. ಬೆವರಿನ ತೇವವೂ ಬಿಗಿಯಾದ ಉಡುಪೂ ಅದಕ್ಕೆ ಅನುಕೂಲ. ಈ ಶತ್ರುವನ್ನು ನಮ್ಮ ಶರೀರವು ಎದುರಿಸುವುದರಿಂದಲೇ ಚರ್ಮ ಕೆಂಪೇರುತ್ತದೆ, ನವೆ ಹುಟ್ಟುತ್ತದೆ.

1952ರಲ್ಲಿ ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡನ್ನು ಚರ್ಮಕ್ಕೆ ಲೇಪಿಸುವ ಚಿಕಿತ್ಸೆಯ ಫಲ ಪ್ರಕಟವಾಯಿತು. ಇಸಬಿನಂತಹ ರೋಗಗಳಿಗೆ ಅದು ದೊಡ್ಡ ವರವೇ ಸರಿ. ಆದರೆ ಸ್ಟಿರಾಯ್ಡು ಮಾಡುವ ಕೆಲಸ ಶರೀರದ ಪ್ರತಿಭಟನೆಯನ್ನು ಅಡಗಿಸುವುದು, ಶಿಲೀಂಧ್ರವನ್ನು ಕೊಲ್ಲುವುದಲ್ಲ. ಹುಳುಕಡ್ಡಿಗೆ ಇದನ್ನು ಹಚ್ಚಿದರೆ ನವೆ ಕೆಲವೇ ದಿನಗಳಲ್ಲಿ ತಣಿಯುತ್ತದೆ; ರೋಗ ಮಾತ್ರ ಸದ್ದಿಲ್ಲದೆ ಹರಡುತ್ತದೆ. ಅದರ ಉಂಗುರದಾಕಾರವೂ ಅಳಿಸಿಹೋಗಿ ವೈದ್ಯರಿಗೂ ಗುರುತು ಸಿಕ್ಕದಂತಾಗುತ್ತದೆ. 1968ರಲ್ಲಿ ಇಂಗ್ಲೆಂಡಿನ ವೈದ್ಯರು ಇದಕ್ಕೆ ವೇಷ ಮರೆಸಿಕೊಂಡ ಹುಳುಕಡ್ಡಿ ಎಂಬರ್ಥದ ಹೆಸರನ್ನೇ ಕೊಟ್ಟರು. ಬಹುಕಾಲ ಹಚ್ಚಿದಲ್ಲಿ ಚರ್ಮ ತೆಳುವಾಗುತ್ತದೆ, ಮುಖದಲ್ಲಿ ಮೊಡವೆಗಳೇಳುತ್ತವೆ, ತೊಡೆಯ ಸಂದಿನಲ್ಲಿ ಮಾಯದ ಗೆರೆಗಳು ಬೀಳುತ್ತವೆ.

ನಮ್ಮ ದೇಶದ ಅಂಗಡಿಗಳಲ್ಲಿ ಸ್ಟಿರಾಯ್ಡನ್ನೂ ಶಿಲೀಂಧ್ರನಾಶಕವನ್ನೂ ಬೆರಸಿದ ಮುಲಾಮುಗಳು ಬಹಳ ಬಳಕೆಗೆ ಬಂದುವು. 2018ರಲ್ಲಿ ಸರ್ಕಾರವು ಮೈಗೆ ಹಚ್ಚುವ ಸ್ಟಿರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ವರ್ಗಕ್ಕೆ ಸೇರಿಸಿತು. ಆದರೂ ಕೊಳ್ಳುವವರ ಎಚ್ಚರಿಕೆಯಿಲ್ಲದೆ ಕಾನೂನೊಂದೇ ಸಾಲದು. ಮುಲಾಮಿನ ಪೆಟ್ಟಿಗೆಯ ಮೇಲೆ ಬೆಟಾಮೆಥಾಸೋನ್, ಕ್ಲೊಬೆಟಾಸಾಲ್ ಎಂಬ ಹೆಸರುಗಳಿದ್ದರೆ ಅದು ಸ್ಟಿರಾಯ್ಡೆಂದು ತಿಳಿಯತಕ್ಕದ್ದು.

ಸರಿಯಾದ ಮದ್ದನ್ನಾದರೂ ಕ್ರಮವರಿತು ಹಚ್ಚಬೇಕು. ಶಿಲೀಂಧ್ರನಾಶಕವನ್ನು ಉಂಗುರದ ಅಂಚನ್ನು ದಾಟಿ ಸುತ್ತಲ ಆರೋಗ್ಯವಾದ ಚರ್ಮಕ್ಕೂ ಸ್ವಲ್ಪ ಲೇಪಿಸಬೇಕು. ಕಲೆ ಮಾಸಿತೆಂದು ಒಡನೆಯೇ ನಿಲ್ಲಿಸದೆ ವೈದ್ಯರು ಹೇಳಿದಷ್ಟು ದಿನ ಮುಂದುವರಿಸಬೇಕು. ಟರ್ಬಿನಾಫಿನ್ ಎಂಬ ಔಷಧಕ್ಕೆ ಬಗ್ಗದ ಶಿಲೀಂಧ್ರಗಳು ನಮ್ಮ ದೇಶದಲ್ಲಿ ಈಗಾಗಲೇ ಕಂಡುಬಂದಿರುವುದರಿಂದ ಈ ಮಾತು ಹೆಚ್ಚು ಮುಖ್ಯ. ವೈದ್ಯರು ಇಸಬಿಗೆ ಸ್ಟಿರಾಯ್ಡನ್ನು ಕೊಟ್ಟಾಗ ಅಳತೆ ಹೀಗೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಮು, ಅದು ಎರಡು ಅಂಗೈಯಷ್ಟು ಜಾಗಕ್ಕೆ ಸಾಕು.

ಹುಳುಕಡ್ಡಿ ಒಬ್ಬರಿಂದೊಬ್ಬರಿಗೆ ಅಂಟುವ ರೋಗ. ಒಂದೇ ವಸ್ತ್ರದಲ್ಲಿ ಮನೆಮಂದಿಯೆಲ್ಲ ಮೈಯೊರಸಿಕೊಂಡರೆ ಒಬ್ಬರ ಚಿಕಿತ್ಸೆ ವ್ಯರ್ಥ. ಮನೆಯಲ್ಲಿ ಇತರರಿಗೂ ಕಲೆಗಳಿದ್ದರೆ ಅವರಿಗೂ ಕೂಡಿಯೇ ಮದ್ದಾಗಬೇಕು. ಸ್ನಾನವಾದಮೇಲೆ ಸಂದುಗಳನ್ನು ಚೆನ್ನಾಗಿ ಒಣಗಿಸಬೇಕು. ಬಟ್ಟೆಗಳನ್ನು ಬಿಸಿಲಿಗೆ ಹರವಬೇಕು. ನೆರೆಯವರಿಗೆ ಗುಣವಾಯಿತೆಂದು ಅವರ ಮುಲಾಮನ್ನು ತರಬಾರದು. ಬಹುದಿನದಿಂದ ಸ್ಟಿರಾಯ್ಡು ಹಚ್ಚುತ್ತಿರುವವರು ಸಂಕೋಚಪಡದೆ ಆ ಕೊಳವೆಯನ್ನೇ ಕೊಂಡುಹೋಗಿ ವೈದ್ಯರಿಗೆ ತೋರಿಸುವುದು ಲೇಸು. ನವೆ ಅಡಗಿದುದೇ ರೋಗ ಹೋದುದಕ್ಕೆ ಸಾಕ್ಷಿಯಲ್ಲವೆಂಬುದನ್ನು ನಾವೆಲ್ಲರೂ ನೆನಪಿನಲ್ಲಿಡೋಣ.