ಐದನೇ ಗ್ಲಾಸ್ ಹೇಳಿದ್ದು

ಬೆಂಗಳೂರಿನವರಿಗೆ ನಂದಿಬೆಟ್ಟ ಹೇಗೋ, ಪುಣೆಯಲ್ಲಿರೋ ನಮಗೆ ವೀಕೆಂಡ್‌ಗೆ ನಾಸಿಕ್ ಹಾಗೆ. ಅಲ್ಲಿನ ಒಂದು ಸಣ್ಣ ವೈನರಿಯಿಂದ ನಾಲ್ಕು ರೆಡ್ ವೈನ್ ತಂದೆ. ರುಚಿ ನೋಡಿ ಮಾರ್ಕ್ಸ್ ಕೊಡೋಕೆ ನಾಲ್ವರು ಕನ್ನಡದ ಗೆಳೆಯರು. ಸುರಿಯುವ ಕೆಲಸ ನನ್ನದು.

ಬಾಟಲಿಗಳಿಗೆ ನ್ಯೂಸ್‌ಪೇಪರ್ ಸುತ್ತಿದೆ. ಬಣ್ಣಕ್ಕೆ 2, ವಾಸನೆಗೆ 6, ರುಚಿಗೆ 8, ನುಂಗಿದ ಮೇಲೆ ಬಾಯಲ್ಲಿ ಉಳಿಯುವುದಕ್ಕೆ 4, ಒಟ್ಟು 20. ವೈನ್ ನಾಲ್ಕೇ, ಆದರೆ ಗ್ಲಾಸ್ ಐದು. ಎರಡನೇ ಗ್ಲಾಸಿನ ಶಿರಾಜ್ ಅನ್ನೇ ಐದನೆಯದಾಗಿಯೂ ಕೊಟ್ಟೆ, ಯಾರಿಗೂ ಹೇಳಲಿಲ್ಲ.

ಒಬ್ಬ ಮೊದಲ ಸಲ 15 ಕೊಟ್ಟವನು ಎರಡನೇ ಸಲ 11 ಕೊಟ್ಟ. ಎರಡೂ ಸಲ ಹತ್ತಿರದ ಮಾರ್ಕ್ಸ್ ಕೊಟ್ಟದ್ದು ಒಬ್ಬಳೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಇದು ಫ್ಲೇಕಿ ಟೆಸ್ಟ್. ಇನ್‌ಪುಟ್ ಅದೇ, ರಿಸಲ್ಟ್ ಬೇರೆ.

ನಗಬೇಡಿ, ಪರಿಣತರ ಕಥೆಯೂ ಇದೇ. ರಾಬರ್ಟ್ ಹಾಡ್ಜ್‌ಸನ್ ಅಂತ ಕ್ಯಾಲಿಫೋರ್ನಿಯಾದಲ್ಲಿ ಸ್ವತಃ ಸಣ್ಣ ವೈನರಿ ನಡೆಸಿದವರು. ಅಲ್ಲಿನ ಸ್ಟೇಟ್ ಫೇರ್ ಸ್ಪರ್ಧೆಯಲ್ಲಿ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಮೂರು ಸಲ, ಬೇರೆ ವೈನ್‌ಗಳ ನಡುವೆ ಸೇರಿಸಿ ಕೊಡಿಸಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಮೂರೂ ಸಲ ಒಂದೇ ಪದಕದ ಮಟ್ಟದಲ್ಲಿ ನಿಂತವರು ಸುಮಾರು ಶೇ. 10 ಮಾತ್ರ!

ಹಾಗಾದರೆ ಮಾರ್ಕ್ಸ್ ದಂಡವೇ? ಇಲ್ಲಿ ನೋಡಿ ಮಜಾ. ಅಂಕಿ ಅಲುಗಾಡಿತು, ಮಾತು ಅಲುಗಾಡಲಿಲ್ಲ. ಶಿರಾಜ್ ಎರಡು ಸಲ ಬಂದಾಗಲೂ ನಾಲ್ವರಲ್ಲಿ ಮೂವರು "ಕರಿಮೆಣಸು" ಅಂತ ಬರೆದಿದ್ದರು. ಅದು ಭ್ರಮೆಯಲ್ಲ. ಮೆಣಸಿಗೆ ಆ ಘಮ ಕೊಡುವ ರೊಟುಂಡೋನ್ ಅನ್ನೋ ಸಂಯುಕ್ತ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇರುತ್ತದೆ. ಕ್ಯಾಬರ್ನೆ ಸೊವಿನ್ಯೋಗೆ ಎಲ್ಲರೂ ಬರೆದದ್ದು "ಒಗರು". ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ನಾಲಿಗೆಯನ್ನು ಒಣಗಿಸುತ್ತದೆ. ಅಡಿಕೆ ಜಗಿದವರಿಗೆ, ಎಳೆ ಬಾಳೆಕಾಯಿ ಕಚ್ಚಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಓಕ್, ಲೆದರ್, ಬ್ಲ್ಯಾಕ್‌ಕರಂಟ್ ಅಂತ ಬಾಯಿಪಾಠ ಮಾಡೋದೇ ಬೇಡ. ನಮಗೆ ನೇರಳೆ ಇದೆ, ಹುಣಸೆ ಇದೆ, ಲವಂಗ ಇದೆ.

ನೀವೂ ಮಾಡಿ ನೋಡಿ. ಬಾಟಲಿ ಮುಚ್ಚಿ. ಬೇಸಿಗೆಯಾದರೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ; ರೆಡ್‌ಗೆ 16–18 ಡಿಗ್ರಿ ಸಾಕು, ಕೋಣೆಯ ಸೆಕೆಗೆ ಆಲ್ಕೋಹಾಲೇ ಮೂಗಿಗೆ ಬಡಿಯುತ್ತೆ. ಮೊದಲು ಮಾತು ಬರೆಯಿರಿ, ಆಮೇಲೆ ಅಂಕಿ. ಒಂದು ಗ್ಲಾಸ್ ಗುಟ್ಟಾಗಿ ರಿಪೀಟ್ ಮಾಡಿ. ಎರಡು ಸಲದ ನಡುವೆ ಎಷ್ಟು ವ್ಯತ್ಯಾಸ ಬಂತೋ, ಅದಕ್ಕಿಂತ ಕಡಿಮೆ ಅಂತರದಲ್ಲಿ ಯಾವ ವೈನನ್ನೂ ಸೋಲಿಸಬೇಡಿ.

ಯಾಕಿಷ್ಟು ಹೇಳ್ತೀನಿ ಅಂದ್ರೆ, ಸಣ್ಣ ವೈನರಿಗೆ ಜಾಹೀರಾತಿನ ದುಡ್ಡಿರಲ್ಲ. ಆ್ಯಪ್‌ನಲ್ಲಿ ನಾವು ಒತ್ತುವ ಎರಡು ಸ್ಟಾರ್ ಒಂದು ವರ್ಷದ ಬೆಳೆಯ ಮೇಲೆ ಬೀಳುತ್ತೆ. "ಒಗರು ಜಾಸ್ತಿ, ಮಟನ್ ಸಾರಿನ ಜೊತೆ ಚೆನ್ನಾಗಿತ್ತು" ಅಂತ ಒಂದು ಸಾಲು ಬರೆದರೆ ಕೊಳ್ಳುವವರಿಗೂ ಉಪಯೋಗ, ಮಾಡುವವರಿಗೂ ಉಪಯೋಗ.

ಕುಡಿದವರು ಕ್ಯಾಬ್‌ನಲ್ಲೇ ಮನೆಗೆ ಹೋಗಿ.